ಬಿಟ್ಟ ಕೈ

ಕಳೆದ ಮಳೆಗಾಲದ ಒಂದು ಸಂಜೆ. ಶಾಲೆ ಬಿಟ್ಟು ನಾವು ಮೂವರು ಗೆಳೆಯರು ದಾದರ ನಿಲ್ದಾಣದತ್ತ ಹೊರಟಿದ್ದೆವು. ನಮ್ಮ ಚಾಳಿನ ಪುಟ್ಟ ಹುಡುಗನೊಬ್ಬನು ಒಂದನೆಯ ಇಯತ್ತೆಯಲ್ಲಿ ಓದುತ್ತಾನೆ. ಅವನನ್ನು ಮನೆ ಮುಟ್ಟಿಸುವ ಹೊಣೆ ನಮ್ಮದು. ಅವನ ಬೆರಳುಗಳು ನಮ್ಮ ಕೈಯಲ್ಲಿದ್ದುವು. ಆಗ ಬೀದಿಯಂಚಿನ ವಿದ್ಯುತ್ ಪೆಟ್ಟಿಗೆಯೊಂದು ಸಿಡಿಲಿನಂತೆ ಸದ್ದುಮಾಡಿ ಕಿಡಿ ಕಾರಿತು. ನಮಗೆ ಅರಿವು ಮರಳಿದಾಗ ನಾವು ಎದುರಿನ ಅಂಗಡಿಯ ಮೆಟ್ಟಿಲ ಮೇಲಿದ್ದೆವು. ಹುಡುಗನು ಮಾತ್ರ ಮಳೆಯಲ್ಲಿ ನಿಂತಲ್ಲಿಯೇ ನಿಂತು ಅಳುತ್ತಿದ್ದನು.

ಕೂಡಲೇ ಹಿಂದಕ್ಕೆ ಓಡಿ ಅವನನ್ನು ಎತ್ತಿಕೊಂಡೆವು. ಅವನು ಬಿಕ್ಕುತ್ತ, “ಅಣ್ಣಾ, ನನ್ನ ಬಿಟ್ಟು ಯಾಕೆ ಓಡಿದಿರಿ?” ಎಂದನು. ನಮ್ಮ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ನಮಗಾರಿಗೂ ಊಟ ರುಚಿಸಲಿಲ್ಲ.

ಮರುದಿನ ನಮ್ಮ ವಿಜ್ಞಾನದ ಗುರುಗಳ ಮುಂದೆ ಎಲ್ಲವನ್ನೂ ಹೇಳಿಕೊಂಡೆವು. ಅವರು ಬೈಯಲಿಲ್ಲ, ಚಾರ್ಲ್ಸ್ ಡಾರ್ವಿನ್ನನ ಕಥೆ ಹೇಳಿದರು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ದಪ್ಪ ಗಾಜಿನಾಚೆ ಒಂದು ವಿಷಸರ್ಪವಿತ್ತು. ಏನಾದರೂ ಹಿಂದೆ ಸರಿಯಲಾರೆನೆಂದು ನಿಶ್ಚಯಿಸಿ ಆತನು ಗಾಜಿಗೆ ಮುಖವೊಡ್ಡಿ ನಿಂತನು. ಹಾವು ಎರಗಿದೊಡನೆ ಆ ನಿಶ್ಚಯ ಎಲ್ಲಿ ಹೋಯಿತೋ! ಒಂದೆರಡು ಗಜ ಹಿಂದಕ್ಕೆ ನೆಗೆದಿದ್ದನು. 1872ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಅಪಾಯದ ಸುಳಿವು ಸಿಕ್ಕೊಡನೆ, ವಿಚಾರಮಾಡುವ ಭಾಗವು ಇನ್ನೂ ತೂಗಿ ನೋಡುತ್ತಿರುವಾಗಲೇ, ಮೆದುಳಿನ ಆಳದ ಭಾಗಗಳು ದೇಹವನ್ನು ಎಚ್ಚರಿಸುತ್ತವೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಎದೆ ಬಡಿದುಕೊಳ್ಳುತ್ತದೆ, ಕಾಲಿಗೆ ಬಲ ಬರುತ್ತದೆ. ಈ ಗುಣವಿಲ್ಲದಿದ್ದರೆ ನಮ್ಮ ಪೂರ್ವಜರು ಕಾಡಿನಲ್ಲಿ ಬಾಳಿ ಬದುಕುತ್ತಿದ್ದರೇ?

ಆದರೆ ಓಡುವುದೊಂದೇ ಹುಟ್ಟುಗುಣವಲ್ಲ. ಆಗತಾನೇ ಹುಟ್ಟಿದ ಕೂಸಿನ ಅಂಗೈಯಲ್ಲಿ ಬೆರಳಿಟ್ಟರೆ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಯಾರೂ ಅದಕ್ಕೆ ಕಲಿಸಿರುವುದಿಲ್ಲ. ಮಗುವಿನ ಅಳು ಕೇಳಿ ಕರುಳು ಕಲಕುವುದೂ ಹೀಗೆಯೇ. ಆದುದರಿಂದ ನಾವು ಹಿಂದಿರುಗಿದುದು ಕೇವಲ ನಮ್ಮ ವಿವೇಕದಿಂದಲೇ ಎಂದು ಹೆಮ್ಮೆಪಡಲಾರೆವು. ಒಂದು ಪ್ರವೃತ್ತಿ ನಮ್ಮನ್ನು ಓಡಿಸಿತು, ಇನ್ನೊಂದು ಮರಳಿ ಕರೆಯಿತು. ಎರಡನೆಯ ಕರೆಗೆ ಓಗೊಡುವುದು ಮಾತ್ರ ನಮ್ಮ ಕೈಯಲ್ಲಿತ್ತು.

“ಹುಟ್ಟುಗುಣವನ್ನು ಅಳಿಸಲಾಗದು, ಅಭ್ಯಾಸದಿಂದ ಪಳಗಿಸಬಹುದು,” ಎಂದರು ಗುರುಗಳು.

ಅಂದಿನಿಂದ ನಾವು ಆ ಹುಡುಗನ ಬೆರಳುಗಳನ್ನು ಹಿಡಿಯುವುದಿಲ್ಲ. ಮಣಿಕಟ್ಟನ್ನೇ ಭದ್ರವಾಗಿ ಹಿಡಿದು ನಡೆಯುತ್ತೇವೆ. ಇನ್ನೊಮ್ಮೆ ಸಿಡಿಲು ಬಡಿದರೆ ನಾವು ಮತ್ತೆ ಓಡಬಹುದು. ಆದರೆ ಅವನನ್ನೂ ಕರೆದುಕೊಂಡೇ ಓಡುವೆವು.