ಬೋರ್ಡ್ ಮೇಲೆ ಹೆಸರು ಬರೆಯದ ಮಾನಿಟರ್

ನಾವು ಸ್ಕೂಲಲ್ಲಿದ್ದಾಗ ಮಾನಿಟರ್‌ಗೆ ಇದ್ದದ್ದು ಒಂದೇ ಕೆಲಸ. ಮೇಷ್ಟ್ರು ಆಚೆ ಹೋದ ಕೂಡಲೇ ಚಾಕ್‌ಪೀಸ್ ಹಿಡಿದು, ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೆಯುವುದು. ಹಾಗೆ ಬರೆದವನ ಮಾತನ್ನು ಆಮೇಲೆ ಯಾರಾದರೂ ಕೇಳಿದ್ದುಂಟಾ? ಗ್ರೌಂಡಿನಲ್ಲಿ ಅವನನ್ನ ಟೀಮಿಗೂ ಸೇರಿಸ್ತಿರಲಿಲ್ಲ.

ಅದಕ್ಕೇ ಕತ್ರಿಗುಪ್ಪೆಯಿಂದ ಅಕ್ಕ ಫೋನ್ ಮಾಡಿ, ಒಂಬತ್ತನೇ ಕ್ಲಾಸಿನ ತನ್ನ ಮಗ 'ತಂಬಾಕು ಮಾನಿಟರ್' ಆಗಿದ್ದಾನೆ ಅಂದಾಗ ನನಗೆ ಕಸಿವಿಸಿಯಾಯ್ತು. ಹುದ್ದೆಯೇನೋ ನಿಜವಾದದ್ದೇ. ತಂಬಾಕುಮುಕ್ತ ಶಿಕ್ಷಣ ಸಂಸ್ಥೆಗಳಿಗಾಗಿ ಕೇಂದ್ರ ಸರ್ಕಾರ ಮಾಡಿರುವ 2019ರ ಮಾರ್ಗಸೂಚಿಯಲ್ಲಿ, ಒಂಬತ್ತನೇ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳೂ ಮಾನಿಟರ್ ಆಗಬಹುದು ಅಂತಿದೆ. ಮಿಸ್‌ಗೆ ಫಸ್ಟ್ ಬರೋ ಹುಡುಗಿಯನ್ನು ಮಾಡೋ ಮನಸ್ಸಿತ್ತಂತೆ. ಕ್ಲಾಸಿನವರು ಕೈ ಎತ್ತಿದ್ದು ಮಾತ್ರ ಕೊನೇ ಬೆಂಚಿನ ಈ ಫುಟ್‌ಬಾಲ್ ಹುಚ್ಚನಿಗೆ.

ಕ್ಲಾಸಿನವರ ಲೆಕ್ಕವೇ ಸರಿ. ನಮ್ಮ ಆಫೀಸುಗಳನ್ನೇ ನೋಡಿ, ಹೊಸಬನ ಕೈಗೆ ಮೊದಲ ಸಿಗರೇಟು ಕೊಡೋದು ಯಾವ ಜಾಹೀರಾತೂ ಅಲ್ಲ, ಟೀಮಿನ ಸೀನಿಯರ್. ಸುಟ್ಟಾ ಬ್ರೇಕಿಗೆ ಹೋಗದಿದ್ರೆ ಪ್ರಾಜೆಕ್ಟಿನ ಒಳಸುದ್ದಿಯೇ ಸಿಗಲ್ಲ!

ಹುಡುಗ ಭಾಷಣ ಮಾಡಲಿಲ್ಲ. ಎಲ್ಲರಿಗೂ ಹೆಸರಿಲ್ಲದ ಚೀಟಿ ಹಂಚಿದ. ನಮ್ಮ ಕ್ಲಾಸಲ್ಲಿ ಎಷ್ಟು ಜನ ಸೇದಬಹುದು, ನೀನು ಸೇದಿದ್ದೀಯಾ, ಎರಡೇ ಪ್ರಶ್ನೆ. ಅರ್ಧ ಕ್ಲಾಸು ಅಂತ ಬರೆದವರೇ ಜಾಸ್ತಿ. ಹೌದು ಅಂದವರು ನಾಲ್ಕೇ ಜನ. 'ಎಲ್ಲರೂ ಮಾಡ್ತಾರೆ' ಅನ್ನೋ ಮಾತಿನ ಗಾಳಿ ಅಲ್ಲೇ ಇಳಿಯಿತು.

ಆ ನಾಲ್ವರಲ್ಲಿ ಒಬ್ಬ ಇವನ ಗೆಳೆಯ. ಭಾನುವಾರ ಮನೆಗೆ ಬಂದವನು, ಅಕ್ಕ ಅಡುಗೆಮನೆಗೆ ಹೋದದ್ದು ನೋಡಿ ಮೆಲ್ಲಗೆ ಕೇಳಿದ: "ಮಾಮ, ಮಿಸ್‌ಗೆ ಹೇಳಿದ್ರೆ ಅವನಪ್ಪ ಚೆನ್ನಾಗಿ ಬಾರಿಸ್ತಾರೆ. ಹೇಳದಿದ್ರೆ ನಾನೆಂಥ ಮಾನಿಟರ್?"

ಹದಿನಾಲ್ಕು ವರ್ಷದವನ ತಲೆ ಮೇಲೆ ಎಷ್ಟು ಭಾರ ಹೊರಿಸೋದು ಸ್ವಾಮಿ!

ಸಿಗರೇಟು ಎಲ್ಲಿ ಸಿಗುತ್ತೆ ಅಂತ ಕೇಳಿದೆ. ಟ್ಯೂಷನ್ ದಾರಿಯ ಪೆಟ್ಟಿಗೆ ಅಂಗಡಿಯಲ್ಲಿ, ಬಿಡಿಬಿಡಿಯಾಗಿ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನಿದೆ. ಅಂಗಡಿ ಅದರಾಚೆ ಇದೆ. ಆದರೆ ಅಪ್ರಾಪ್ತರಿಗೆ ಎಲ್ಲೂ ಮಾರುವಂತಿಲ್ಲ ಅನ್ನೋದೂ ಅದೇ ಕಾನೂನು. ಇನ್ನೊಂದು ತಮಾಷೆ ನೋಡಿ. ಪ್ಯಾಕಿನ ಮೇಲೆ ಹೆದರಿಸೋ ಚಿತ್ರ ಇರುತ್ತೆ, ಬಿಡೋಕೆ ಸಹಾಯ ಬೇಕಾದವರಿಗೆ 1800-11-2356 ಅನ್ನೋ ಉಚಿತ ನಂಬರೂ ಇರುತ್ತೆ. ಒಂದೊಂದೇ ಕೊಳ್ಳುವ ಹುಡುಗರ ಕೈಗೆ ಪ್ಯಾಕೇ ಬರಲ್ಲ.

ಹಿಡಿದುಕೊಡೋದು ನಿನ್ನ ಕೆಲಸ ಅಲ್ಲ ಕಣೋ, ಆದರೆ ಒಬ್ಬನೇ ನಿಭಾಯಿಸೋಕೂ ಹೋಗ್ಬೇಡ, ಅವನು ನಂಬುವ ದೊಡ್ಡವರೊಬ್ಬರ ಹತ್ತಿರ ಇಬ್ಬರೂ ಹೋಗಿ ಅಂದೆ. ನಂಬರನ್ನೂ ಬರೆದುಕೊಟ್ಟೆ.

ಮೊದಲು ಇಬ್ಬರೂ ಟ್ಯೂಷನ್ನಿಗೆ ಬೇರೆ ದಾರಿ ಹಿಡಿದರು. ಹತ್ತು ನಿಮಿಷ ಸುತ್ತು. ಮೂರು ವಾರ ಬಿಟ್ಟು ಪಿ.ಟಿ. ಸರ್ ಹತ್ತಿರ ಹೋದರು. ಸರ್ ಬಯ್ಯಲಿಲ್ಲ, ಆ ನಂಬರಿಗೆ ತಾವೇ ಡಯಲ್ ಮಾಡಿ ಹುಡುಗನ ಕೈಗೆ ಫೋನ್ ಕೊಟ್ಟರಂತೆ. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರಂತೆ. ಅಪ್ಪನಿಗೆ ಹೇಗೆ ಹೇಳೋದು ಅನ್ನೋದಿನ್ನೂ ಬಾಕಿ.

ಪೂರ್ತಿ ಬಿಟ್ಟನಾ ಅಂತ ಮೊನ್ನೆ ಕೇಳಿದೆ.

"ಇಲ್ಲ ಮಾಮ, ಹೋದ ಶನಿವಾರ ಒಂದು ಸೇದಿದ್ನಂತೆ. ಅವನೇ ಬಂದು ಹೇಳ್ದ."