ಅಪ್ಪನ ದನಿಗೊಂದು ಪೆಟ್ಟಿಗೆ

ಟೀವಿಗೆಂದು ನಾನೇ ಒಂದು ಕಂಪ್ಯೂಟರನ್ನು ಅಣಿಗೊಳಿಸಿದೆನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಅದಕ್ಕೆ ಕಾರಣ ಅಕ್ಕ. ನಮ್ಮ ತಂದೆಯವರ ಗಮಕ ವಾಚನದ ಹನ್ನೊಂದು ಕ್ಯಾಸೆಟ್ಟುಗಳನ್ನು, ಟೇಪು ಶಿಥಿಲವಾಗುವ ಮುನ್ನ, ಅಳಿಯ ಪೆನ್‌ಡ್ರೈವಿಗೆ ಇಳಿಸಿಕೊಟ್ಟಿದ್ದ. ಆದರೆ ಎಂಬತ್ತು ದಾಟಿದ, ದೃಷ್ಟಿ ಮಂದವಾದ ಅಕ್ಕ ಮೌಸು ಹಿಡಿಯುವುದುಂಟೇ?

ಅಂಗೈಯಗಲದ ರಾಸ್ಪ್‌ಬೆರಿ ಪೈ 4 ಕೊಂಡೆ. ಅದರ ಮೆಮೊರಿ ಕಾರ್ಡಿಗೆ ಲಿಬ್ರೆಎಲೆಕ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಬರೆದರೆ ಕೋಡಿ ಎಂಬ ತಂತ್ರಾಂಶ ನೇರವಾಗಿ ತೆರೆದುಕೊಳ್ಳುತ್ತದೆ. ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗೆಂದು ಹುಟ್ಟಿದ ಎಕ್ಸ್‌ಬಿಎಂಸಿಗೆ 2014ರಲ್ಲಿ ಇಟ್ಟ ಹೆಸರಿದು. ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಜಾಗವನ್ನೂ ನಾವು ಕೋಡಿ ಎನ್ನುತ್ತೇವಷ್ಟೆ! ಎರಡಕ್ಕೂ ಕಾಸು ಕೊಡಬೇಕಿಲ್ಲ. ಮೂಲ ಸಂಕೇತವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಪಾಠ ಹೇಳಿಯೇ ಬದುಕಿದವನಿಗೆ ಈ ರೀತಿ ಪರಕೀಯವೆನಿಸಲಿಲ್ಲ.

ನನಗೆ ಅತ್ಯಂತ ಹಿಡಿಸಿದ್ದು ಸಿಇಸಿ ಎಂಬ ಏರ್ಪಾಡು. ಎಚ್‌ಡಿಎಂಐ ಕೇಬಲ್ಲಿನ ಮೂಲಕವೇ ಟೀವಿ ರಿಮೋಟಿನ ಆಜ್ಞೆಗಳು ಕಂಪ್ಯೂಟರಿಗೆ ತಲುಪುತ್ತವೆ. ಒಬ್ಬೊಬ್ಬ ತಯಾರಕರು ಅದಕ್ಕೆ ಒಂದೊಂದು ಹೆಸರಿಟ್ಟಿರುವುದರಿಂದ ನಮ್ಮ ಟೀವಿಯಲ್ಲಿ ಅದನ್ನು ಹುಡುಕಲು ಎರಡು ಸಂಜೆ ಹಿಡಿಯಿತು.

ಈಗ ಅಕ್ಕ ಗುಂಡಿಗಳನ್ನು ಎಣಿಸಿ ಒತ್ತುತ್ತಾಳೆ: ಕೆಳಕ್ಕೆ ಮೂರು, ನಡುವಿನದು ಒಂದು. ನಾಲ್ಕನೆಯ ಕ್ಯಾಸೆಟ್ಟಿನಲ್ಲಿ, ಷಟ್ಪದಿಯೊಂದರ ನಡುವೆ ಅಪ್ಪ ಕೆಮ್ಮುತ್ತಾರೆ, ಅಡುಗೆಮನೆಯಿಂದ ಅಮ್ಮ, “ಬಿಸಿನೀರು ತರಲೇನೂಂದ್ರೆ?” ಎಂದು ಕೇಳುತ್ತಾಳೆ. ಅಕ್ಕ ಅದನ್ನೇ ಮತ್ತೆ ಮತ್ತೆ ಹಾಕಿಕೊಳ್ಳುತ್ತಾಳೆ. ನನ್ನನ್ನು ಕರೆಯುವುದಿಲ್ಲ.