ಹಿಡಿಯೂ ಉಂಟು, ಬ್ಯಾಟರಿಯೂ ಉಂಟು

ಎರಡು ಕೆಲಸ ಮಾಡುತ್ತೇನೆಂದು ಹೇಳಿಕೊಂಡು ಮನೆಗೆ ಬರುವ ವಸ್ತುಗಳನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಸೋಫಾ ಕಮ್ ಬೆಡ್ ಕೊಂಡವರ ಮನೆಗೆ ಹೋಗಿ ನೋಡಿ: ಒಂದೋ ಅದು ಕಾಯಂ ಸೋಫಾ, ಇಲ್ಲವೇ ಕಾಯಂ ಮಂಚ. ಹಾಗಾಗಿ ಕೈಯಲ್ಲೂ ತಿರುಗಿಸಬಹುದು, ಮೋಟರ್ ಕೂರಿಸಿಯೂ ಓಡಿಸಬಹುದು ಎಂಬ ಕಾಫಿ ಗ್ರೈಂಡರ್ ಕೇರಳದ ಕಳಕ್ಕೂಟಂನ ನಮ್ಮ ಫ್ಲ್ಯಾಟಿಗೆ ಬಂದಾಗ, ತಿಂಗಳೊಪ್ಪತ್ತಿನಲ್ಲಿ ಇದರ ಹಿಡಿ ಯಾವುದಾದರೂ ಡ್ರಾಯರಿನ ಮೂಲೆ ಸೇರುತ್ತದೆ ಎಂದುಕೊಂಡಿದ್ದೆ. ಸೇರಲಿಲ್ಲ. ನನ್ನ ಶಿಸ್ತು ಅದಕ್ಕೆ ಕಾರಣವಲ್ಲ. ಈ ಊರಿನ ಮಳೆ ಒಂದು ಕಾರಣ, ಟೆಕ್ನೋಪಾರ್ಕಿನ ಶಿಫ್ಟು ಇನ್ನೊಂದು.

ವಸ್ತು ಸರಳವಾಗಿದೆ. ಗೇಣುದ್ದದ ಉಕ್ಕಿನ ಕೊಳವೆ. ಮೇಲೆ ಬೀಜ, ಕೆಳಗೆ ಪುಡಿ, ನಡುವೆ ಹಲ್ಲು ಕೊರೆದ ಉಕ್ಕಿನ ಶಂಕು. ಅದನ್ನು ಸುತ್ತುವರಿದು ಇನ್ನೊಂದು ಹಲ್ಲಿನ ಬಳೆ. ಇವೆರಡರ ನಡುವಿನ ಸಂದಿ ಹೆಚ್ಚಿಸಿದರೆ ಪುಡಿ ತರಿ, ತಗ್ಗಿಸಿದರೆ ನುಣುಪು. ಮೇಲಕ್ಕೆ ಚಾಚಿಕೊಂಡ ಆರು ಮೂಲೆಯ ಕಡ್ಡಿಗೆ ಹಿಡಿ ಸಿಕ್ಕಿಸಿದರೆ ಕೈಮಿಷನ್ನು. ಹಿಡಿ ಕಿತ್ತು ಬ್ಯಾಟರಿಯ ತಲೆ ಕೂರಿಸಿದರೆ ಗುಂಡಿ ಒತ್ತಿ ಕೈಕಟ್ಟಿ ನಿಲ್ಲಬಹುದು. ಚಾರ್ಜು ಮೊಬೈಲಿನ ವೈರಿನಲ್ಲೇ ಆಗುತ್ತದೆ.

ತೊಂದರೆ ಶುರುವಾಗುವುದು ನಮ್ಮ ಫಿಲ್ಟರಿನಿಂದ. ಇಂಥ ಗ್ರೈಂಡರುಗಳನ್ನು ಮಾಡುವವರ ಕಣ್ಣಮುಂದಿರುವುದು ಕಾಗದದ ಸೋಸುಕದ ಮೇಲೆ ಬಿಸಿನೀರು ಸುರಿದು ಒಂದೇ ಲೋಟ ಕಪ್ಪು ಕಾಫಿ ಕುಡಿಯುವ ಮನುಷ್ಯ. ಅವನಿಗೆ ರವೆಯಂಥ ಪುಡಿ ಸಾಕು. ನಮ್ಮ ಹಿತ್ತಾಳೆ ಫಿಲ್ಟರಿಗೆ ಅಷ್ಟು ತರಿ ಹಾಕಿದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ಕೆರೆನೀರಿನ ಬಣ್ಣಕ್ಕೆ ಬರುತ್ತದೆ. ತೀರಾ ನುಣ್ಣಗಾದರೆ ತೊಟ್ಟಿಕ್ಕುವುದೇ ಇಲ್ಲ. ಬೆಳಗಿನ ಹೊತ್ತು ಫಿಲ್ಟರಿನ ತಲೆ ಕುಟ್ಟುತ್ತ ಕೂರಬೇಕು. ನುಣುಪು ಹೆಚ್ಚಿದಷ್ಟೂ ಸಂದಿ ಕಿರಿದಾಗುತ್ತದೆ, ತಿರುಗಿಸಲು ಬಲ ಜಾಸ್ತಿ ಬೇಕಾಗುತ್ತದೆ. ಇಲ್ಲಿಯೇ ಬ್ಯಾಟರಿಯ ಬಂಡವಾಳ ಬಯಲಾಗುವುದು. ಹದವಾಗಿ ಹುರಿದ ಬೀಜ ಹಾಕಿದಾಗ ಮೋಟರ್ ನರಳುತ್ತ ಓಡಿ, ಒಂದು ಬೀಜ ಅಡ್ಡ ಸಿಕ್ಕಿತೋ, ಗಕ್ಕನೆ ನಿಲ್ಲುತ್ತದೆ. ಆಗ ತಲೆ ಕಿತ್ತು, ಹಿಡಿ ಸಿಕ್ಕಿಸಿ, ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿಸಬೇಕು. ಮಾರುವವರು ಹೇಳುವ ಅನುಕೂಲ ಏನೇ ಇರಲಿ, ನನ್ನ ಮಟ್ಟಿಗೆ ಹಿಡಿಯ ಮೊದಲ ಉಪಯೋಗ ಮೋಟರನ್ನು ಸಂಕಟದಿಂದ ಪಾರುಮಾಡುವುದು.

ಕೈಯಲ್ಲಿ ಬೀಸಿದರೆ ಬೀಜದ ಗುಣ ತಿಳಿಯುತ್ತದೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕಪ್ಪಗೆ ಹುರಿದದ್ದು ಕರಕರನೆ ಪುಡಿಯಾಗಿ ಕೈಗೆ ಏನೂ ಭಾರವಿಲ್ಲ. ತಿಳಿಗಂದು ಬಣ್ಣಕ್ಕೆ ಹುರಿದ ಅರೇಬಿಕಾ ಹಟಮಾರಿ, ಮೊಣಕೈವರೆಗೆ ಗೊತ್ತಾಗುತ್ತದೆ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ದುಂಡಗಾದ ಪೀಬೆರಿಯಂತೂ ಹಲ್ಲಿಗೆ ಸಿಗದೆ ಮೊದಲು ಸ್ವಲ್ಪ ಉರುಳಾಡಿ, ಆಮೇಲೆ ಒಮ್ಮೆಲೇ ಕಚ್ಚಿಕೊಳ್ಳುತ್ತದೆ. ಮೋಟರ್ ಇದೆಲ್ಲವನ್ನೂ ಒಂದೇ ಗುರ್ರ್ ಸದ್ದಿನಲ್ಲಿ ಮುಚ್ಚಿಹಾಕುತ್ತದೆ. ಮಿಕ್ಸಿಯ ಮಾತು ಎತ್ತುವುದೇ ಬೇಡ. ಅದರ ಬ್ಲೇಡು ಬೀಸುವುದಿಲ್ಲ, ಕತ್ತರಿಸುತ್ತದೆ. ಅರ್ಧ ಧೂಳು, ಅರ್ಧ ನುಚ್ಚು, ಮೇಲಿಷ್ಟು ಬಿಸಿ.

ಕೊಪ್ಪದ ಕಡೆಯ ಅಜ್ಜಿಮನೆಯಲ್ಲಿ ಎರಕದ ಕಬ್ಬಿಣದ ಮಿಷನ್ನೊಂದು ಅಡುಗೆಮನೆಯ ಹಲಗೆಗೆ ಸ್ಕ್ರೂ ಬಿಗಿದು ಕೂತಿತ್ತು. ತಿರುಗಿಸುವ ಕೆಲಸ ಮಕ್ಕಳದು, ಬೈಯುವ ಕೆಲಸ ಅಜ್ಜಿಯದು. ಇಂಥ ಕೈಮಿಷನ್ನು ಹೊಸದೇನಲ್ಲ: ಕಾರಿನಿಂದ ಹೆಸರಾದ ಫ್ರಾನ್ಸಿನ ಪ್ಯೂಜೋ ಮನೆತನ 1840ರಲ್ಲೇ ಕಾಫಿ ಮಿಷನ್ನು ಮಾಡಿ ಮಾರುತ್ತಿತ್ತು. ಕಾರು ಬಂದದ್ದು ಎಷ್ಟೋ ವರ್ಷದ ಮೇಲೆ. ನನ್ನ ಗ್ರೈಂಡರಿನ ಒಳಗಿನ ತತ್ವ ಅಂದಿನದೇ. ಹೊಸದು ಬ್ಯಾಟರಿಯ ತಲೆ ಮಾತ್ರ. ಮೊದಲು ಸಾಯುವುದೂ ಅದೇ, ಅದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ಶಿಫ್ಟಿನ ವಿಷಯ. 1990ರಲ್ಲಿ ಶುರುವಾದ ಟೆಕ್ನೋಪಾರ್ಕು ದೇಶದ ಮೊದಲ ಟೆಕ್ನಾಲಜಿ ಪಾರ್ಕು ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಅದರ ಆಸುಪಾಸಿನ ಫ್ಲ್ಯಾಟುಗಳಲ್ಲಿ ಅರ್ಧ ಜನ ಭಾರತದ ಗಡಿಯಾರದಲ್ಲಿ, ಅರ್ಧ ಜನ ಅಮೆರಿಕದ ಗಡಿಯಾರದಲ್ಲಿ ಬದುಕುತ್ತಾರೆ. ನನ್ನ ಹೆಂಡತಿ ಎರಡನೆಯ ಗುಂಪಿನವಳು. ಅವಳು ಮಲಗುವ ಹೊತ್ತಿಗೆ ನಾನು ಏಳುತ್ತೇನೆ. ಬೆಳಗಿನ ಐದೂವರೆಗೆ ಮೋಟರ್ ಒತ್ತುವ ಧೈರ್ಯ ನನಗಿಲ್ಲ. ಬಾಲ್ಕನಿಗೆ ಹೋಗಿ, ಕೊಳವೆಯನ್ನು ಎದೆಗೊತ್ತಿಕೊಂಡು ಹಿಡಿ ತಿರುಗಿಸುತ್ತೇನೆ. ಸಂಜೆ ಅವಳು ಎದ್ದು ಲಾಗಿನ್ ಆಗುವ ಅವಸರದಲ್ಲಿರುವಾಗ ಮೋಟರಿನ ಸರದಿ. ತುಲಾವರ್ಷ ಬಂತೆಂದರೆ ಇದೂ ತಲೆಕೆಳಗು. ಅಕ್ಟೋಬರ್‌, ನವೆಂಬರಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಿಂಚು ಸಮೇತ ಬರುವ ಹಿಂಗಾರು ಮಳೆಗೆ ಇಲ್ಲಿ ಆ ಹೆಸರು. ಮೊದಲ ಗುಡುಗಿಗೇ ಬಿಲ್ಡಿಂಗಿನವರೆಲ್ಲ ಪ್ಲಗ್ಗು ಕೀಳುತ್ತಾರೆ. ಬ್ಯಾಟರಿ ಇದ್ದ ಮೇಲೆ ಕರೆಂಟು ಹೋದರೇನು ಎನ್ನಬಹುದು. ಚಾರ್ಜು ಮಾಡಿಟ್ಟಿರಬೇಕಲ್ಲ!

ಹವೆಯ ಇನ್ನೊಂದು ಚೇಷ್ಟೆ ಹೇಳಬೇಕು. ಫೆಬ್ರವರಿಯ ಒಣಹವೆಯಲ್ಲಿ ಇದನ್ನು ಮೈಸೂರಿಗೆ ಒಯ್ದಿದ್ದಾಗ, ಬೀಸಿದ ಪುಡಿಯ ಹೊಟ್ಟು ಡಬ್ಬಿಗೆ, ಬೆರಳಿಗೆ, ಅಮ್ಮನ ಸೀರೆಗೆಲ್ಲ ಹಾರಿ ಅಂಟಿಕೊಂಡಿತು. ಬೀಜಗಳು ಉಜ್ಜಿ ಒಡೆಯುವಾಗ ಹುಟ್ಟುವ ವಿದ್ಯುತ್ತಿನ ಆಟ ಅದು. ಬೀಸುವ ಮುಂಚೆ ಬೀಜಕ್ಕೆ ಸ್ವಲ್ಪ ನೀರು ಸೋಕಿಸಿದರೆ ಅದು ತಗ್ಗುತ್ತದೆ ಎಂದು ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಅಳೆದು ತೋರಿಸಿದರು. ಅವರ ಜೊತೆ ಕೆಲಸ ಮಾಡಿದವರಲ್ಲಿ ಜ್ವಾಲಾಮುಖಿಯ ಬೂದಿಮೋಡದೊಳಗೆ ಮಿಂಚು ಹೇಗೆ ಹುಟ್ಟುತ್ತದೆಂದು ಅಭ್ಯಾಸ ಮಾಡುವವರೂ ಇದ್ದರು! ಕಳಕ್ಕೂಟಂನಲ್ಲಿ ಆ ಹನಿ ನೀರನ್ನು ಗಾಳಿಯೇ ಒದಗಿಸುತ್ತದೆ. ಜೂನಿನಲ್ಲಿ ಒಂದು ಕಣವೂ ಹಾರುವುದಿಲ್ಲ. ಬದಲಿಗೆ ಪುಡಿ ಮುದ್ದೆಗಟ್ಟಿ ಹಲ್ಲಿನ ಸಂದಿಯಲ್ಲಿ ಕೂರುತ್ತದೆ, ಬ್ರಶ್ಶಿನಿಂದ ಕೆದಕಿ ತೆಗೆಯಬೇಕು. ತೊಳೆಯುವಂತಿಲ್ಲ, ಉಕ್ಕಾದರೂ ತುಕ್ಕಿನ ಭಯ.

ಚಿಕೋರಿಯನ್ನು ಮಾತ್ರ ಇದರ ಹತ್ತಿರ ಸುಳಿಯಗೊಡುವುದಿಲ್ಲ. ಹುರಿದ ಚಿಕೋರಿ ತೇವ ಹೀರಿ ಅಂಟಾಗುತ್ತದೆ. ಹಲ್ಲಿಗೆ ಮೆತ್ತಿದರೆ ಅಂದಿನ ಕೆಲಸ ಮುಗಿದಂತೆ. ಮಿಶ್ರಣದಲ್ಲಿ ಶೇ. 49ರವರೆಗೂ ಚಿಕೋರಿ ಬೆರೆಸಲು ಕಾನೂನಿನ ಅನುಮತಿ ಇದೆ. ಅಷ್ಟು ಹಾಕಿದ್ದನ್ನು ಕಾಫಿ ಎನ್ನುವುದು ನನ್ನ ನಾಲಿಗೆಗೆ ಒಪ್ಪದು. ಚಿಕೋರಿಯ ಬೇರು ಬೆಳೆಯುವುದು ಗುಜರಾತಿನಲ್ಲಿ, ಉತ್ತರಪ್ರದೇಶದಲ್ಲಿ. ಅದಿಲ್ಲದೆ ಡಿಕಾಕ್ಷನ್ನಿಗೆ ಮೈ ಬರುವುದಿಲ್ಲ ಎನ್ನುವವರು ನಾವು. ಪುಡಿ ಚಿಕೋರಿಯನ್ನು ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಐದಕ್ಕೆ ಒಂದು ಚಮಚದಂತೆ ಫಿಲ್ಟರಿಗೇ ಬೆರೆಸುತ್ತೇನೆ. ಹೊರಗಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಇಟ್ಟಿಗೆ.

ಬೀಜ ಬರುವುದು ಮೈಸೂರಿನಿಂದ, ಕೊಚುವೇಲಿ ರೈಲಿನಲ್ಲಿ. ಆ ಸ್ಟೇಷನ್ನಿಗೆ 2024ರಿಂದ ತಿರುವನಂತಪುರಂ ನಾರ್ತ್ ಎಂದು ಹೆಸರು, ಆಟೋದವರಿಗೆ ಇನ್ನೂ ಕೊಚುವೇಲಿಯೇ. ಮೈಸೂರಿನ ಅಂಗಡಿಯವರು ಎಂದಿನಂತೆ ತೂಗಿ ದೊಡ್ಡ ಮಿಷನ್ನಿನ ಬಾಯಿಗೆ ಸುರಿಯಲು ಹೊರಟಾಗ ತಡೆಯಬೇಕು. “ಪುಡಿ ಮಾಡೋದು ಬೇಡ್ವಾ ಸಾರ್? ಮತ್ತೇನ್ಮಾಡ್ತೀರಿ?” ಎನ್ನುತ್ತಾರೆ. ಕೇರಳದಲ್ಲಿ ಕಾಫಿ ಇಲ್ಲವೆಂದಲ್ಲ. ವಯನಾಡಿನ ತುಂಬ ರೋಬಸ್ಟಾ ಇದೆ. ತಂಪಾನೂರಿನ ಬಸ್ ಸ್ಟ್ಯಾಂಡಿನ ಪಕ್ಕ ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ, ಸುರುಳಿ ಸುತ್ತಿ ಮೇಲೇರುವ ಇಂಡಿಯನ್ ಕಾಫಿ ಹೌಸ್ ಇದೆ. ಕೆಲಸ ಕಳೆದುಕೊಂಡ ಕಾಫಿ ಹೌಸ್ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆಂಬಲದಿಂದ ಕಟ್ಟಿಕೊಂಡ ಸಹಕಾರ ಸಂಘಗಳಲ್ಲಿ ಮೊದಲನೆಯದು 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಆದರೂ ದಿನನಿತ್ಯದ ರಾಜ್ಯಭಾರ ಚಾಯದ್ದು. ರಸ್ತೆಬದಿಯ ತಟ್ಟುಕಡದಲ್ಲಿ ಕಾಫಿ ಕೇಳಿದರೆ ಇನ್‌ಸ್ಟಂಟ್ ಪುಡಿಯ ಡಬ್ಬಿಗೆ ಕೈ ಹೋಗುತ್ತದೆ.

ಹೀಗಿರುವಾಗ ನಮ್ಮ ಗ್ರೈಂಡರಿಗೆ ಈ ಊರಿನಲ್ಲಿ ಸಿಕ್ಕ ಮೊದಲ ಅಭಿಮಾನಿ ಚಾಯ ಕುಡಿಯುವವರೇ. ಮೇಲಿನ ಮನೆಯ ಚೇಚಿ ಒಂದು ಮಳೆಸಂಜೆ ಕರೆಂಟಿಲ್ಲದಾಗ ಬಟ್ಟಲಲ್ಲಿ ಒಣಶುಂಠಿ, ಕರಿಮೆಣಸು ಹಿಡಿದು ಬಂದರು. ಗಂಡನಿಗೆ ನೆಗಡಿ, ಚುಕ್ಕುಕಾಪಿ ಮಾಡಬೇಕು, ಮಿಕ್ಸಿ ಓಡುವುದಿಲ್ಲ. ಒಮ್ಮೆ ಮೆಣಸು ಬಿದ್ದರೆ ತಿಂಗಳುಗಟ್ಟಲೆ ಕಾಫಿಗೆ ಅದೇ ಘಾಟು ಎಂದು ವಿವರಿಸಲು ನನ್ನ ಮಲಯಾಳಂ ಸಾಲಲಿಲ್ಲ. ಹೆಂಡತಿ ಬಂದು ಕುಟ್ಟಾಣಿ ಕೊಟ್ಟು ಕಳಿಸಿದಳು. ಚೇಚಿ ಬೇಸರ ಮಾಡಿಕೊಳ್ಳಲಿಲ್ಲ. ಹಿಡಿಯನ್ನು ಒಂದೆರಡು ಸುತ್ತು ತಿರುಗಿಸಿ ನೋಡಿದರು, ಬ್ಯಾಟರಿಯ ತಲೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಮೆಣಸಿಗೆಂದೇ ತಮಗೂ ಒಂದು ತರಿಸಿಕೊಡಬೇಕಂತೆ. ಆ ತಲೆ ಇಲ್ಲದ್ದು ಸಾಕಂತೆ, ರೇಟು ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿದ್ದಾರೆ.